ಅಧ್ಯಕ್ಷರಿಗೆ ಬೈಯುವ ಕಾನೂನು

ಅಮೆರಿಕದ ಅಧ್ಯಕ್ಷರ ಮೇಲೆ ಕೇಸು ನಡೆಸುತ್ತಿದ್ದವರು ನಮ್ಮ ಭಾವ ಎಂದರೆ ನೀವು ನಂಬುವುದಿಲ್ಲ. ಬೇಡ ಬಿಡಿ, ಅಮೆರಿಕದ ಅಧ್ಯಕ್ಷರೂ ನಂಬುತ್ತಿರಲಿಲ್ಲ. ಅವರಿಗೆ ವಿಷಯವೇ ಗೊತ್ತಿರಲಿಲ್ಲವಲ್ಲ! ಆದರೆ ಟೊರಾಂಟೋದ ವಿಮಾನ ನಿಲ್ದಾಣಕ್ಕೆ ಅಂಟಿಕೊಂಡಿರುವ ಮಾಲ್ಟನ್ನಿನಲ್ಲಿ, ನನ್ನ ಅಕ್ಕನ ಮನೆಯ ಬೇಸ್‌ಮೆಂಟಿನಲ್ಲಿ, ಆ ಕೇಸು ವರ್ಷಗಟ್ಟಲೆ ನಡೆಯಿತು ಎನ್ನುವುದಕ್ಕೆ ನಾನೇ ಸಾಕ್ಷಿ. ಫಿರ್ಯಾದಿ ಭಾವ, ವಕೀಲರು ಭಾವ, ಟಿ.ವಿ.ಯ ಎದುರು ಕೂತು "ಅಬ್ಜೆಕ್ಷನ್!" ಎಂದು ಕೂಗುವವರೂ ಭಾವ. ಆರೋಪಿ ಮಾತ್ರ ಗಡಿಯಾಚೆ ಆರಾಮವಾಗಿದ್ದರು.

ಭಾವ ಎಂದರೆ ನನ್ನ ಅಕ್ಕನ ಗಂಡ. ಉಡುಪಿಯವರು. ಲಾ ಕಾಲೇಜಿನಲ್ಲಿ ಒಂದು ವರ್ಷ ಓದಿ, ಬಿಟ್ಟು, ಕುವೈತಿಗೆ ಹೋಗಿ, ತೊಂಬತ್ತರಲ್ಲಿ ಅಲ್ಲಿ ಯುದ್ಧವಾಗಿ ಉಟ್ಟ ಬಟ್ಟೆಯಲ್ಲಿ ಹೆಂಡತಿ ಮಗಳನ್ನು ಕಟ್ಟಿಕೊಂಡು ಊರಿಗೆ ಮರಳಿ, ಕೆಲವು ವರ್ಷದ ನಂತರ ಕೆನಡಾ ಸೇರಿದವರು. ಪಕ್ಕದ ವಾನ್ ಎಂಬ ಊರಿನ ಒಂದು ಸೋಫಾ ಫ್ಯಾಕ್ಟರಿಯಲ್ಲಿ ಶಿಪ್ಪಿಂಗ್ ನೋಡಿಕೊಳ್ಳುತ್ತಿದ್ದರು. ಪೂರ್ತಿ ಓದಿದ ವಕೀಲ ಫೀಸು ಕೊಟ್ಟರೆ ಮಾತ್ರ ಬಾಯಿ ಬಿಡುತ್ತಾನೆ. ಒಂದೇ ವರ್ಷ ಓದಿದವರಿಗೆ ಅಂಥ ಅಡಚಣೆಯೇನೂ ಇಲ್ಲ ನೋಡಿ!

ಮಾಲ್ಟನ್ನಿನ ಆ ಮನೆಯ ಮೇಲೆ ವಿಮಾನಗಳು ಹಂಚಿಗೆ ತಾಗುವಷ್ಟು ಕೆಳಗೆ ಹಾರುತ್ತವೆ. ಆಗ ಯಾರ ಮಾತೂ ಯಾರಿಗೂ ಕೇಳಿಸದು. ಭಾವ ಮಾತಿನ ನಡುವೆ ಬೆರಳೆತ್ತಿ ನಿಲ್ಲುತ್ತಾರೆ. ವಿಮಾನ ಹೋದ ಮೇಲೆ ನಿಲ್ಲಿಸಿದ ಪದದಿಂದಲೇ ಮುಂದುವರಿಸುತ್ತಾರೆ. ಆ ಸಂದಿಯಲ್ಲಿ ಎದ್ದು ಅಡುಗೆಮನೆಗೆ ತಪ್ಪಿಸಿಕೊಳ್ಳಬಹುದೆಂದು ನೀವು ಲೆಕ್ಕ ಹಾಕಿದರೆ, ಆ ಬೆರಳು ನಿಮ್ಮ ಕಡೆಗೇ ತಿರುಗುತ್ತದೆ. ಸಿಟ್ಟಿಗೆ ತುಳು, ಕಾನೂನಿಗೆ ಇಂಗ್ಲಿಷು, ಉಳಿದದ್ದಕ್ಕೆ ಕನ್ನಡ ಎಂದು ಅವರು ಭಾಷೆಗಳನ್ನೂ ಹಂಚಿಕೊಂಡಿದ್ದರು.

ಎರಡು ಸಾವಿರದ ಮೂರರಲ್ಲಿ ಇರಾಕಿನ ಯುದ್ಧ ಶುರುವಾದಾಗ ಕೇಸೂ ಶುರುವಾಯಿತು. ಉಳಿದವರೆಲ್ಲ ಟಿ.ವಿ. ನೋಡಿ ಅಯ್ಯೋ ಪಾಪ ಎಂದು ಚಾನೆಲ್ ಬದಲಾಯಿಸಿದರು. ಭಾವ ಅಮೆರಿಕದ ಸಂವಿಧಾನ ತಂದು ಓದಿದರು. ಓದಿದ್ದು ಅಮೆರಿಕದ ಸಂವಿಧಾನ, ಇದ್ದದ್ದು ಕೆನಡಾದಲ್ಲಿ, ಹುಟ್ಟಿದ್ದು ಭಾರತದಲ್ಲಿ, ಚಿಂತೆ ಇರಾಕಿನದ್ದು. ಇಷ್ಟು ದೇಶಗಳ ಭಾರ ಹೊತ್ತವರಿಗೆ ಮನೆಯ ಕಸದ ಡಬ್ಬ ಹೊರಗಿಡಲು ಎಲ್ಲಿ ನೆನಪಾಗಬೇಕು ಎಂದು ಅಕ್ಕ ಕೇಳುತ್ತಿದ್ದಳು.

ನಾವು ವಾನ್‌ನಲ್ಲಿ ಹೊಸ ಮನೆ ಕೊಂಡು ಗೃಹಪ್ರವೇಶ ಇಟ್ಟುಕೊಂಡ ದಿನ ನಡೆದದ್ದು ಕೇಳಿ. ಊಟಕ್ಕೆ ಸಾಲು ನಿಂತಿತ್ತು. ಸಾರಿನ ಸೌಟು ಭಾವನ ಕೈಯಲ್ಲಿತ್ತು. ಯಾರೋ ಪುಣ್ಯಾತ್ಮರು "ಏನ್ ಸಾರ್, ನಿಮ್ಮ ಇಂಪೀಚ್‌ಮೆಂಟು ಎಲ್ಲಿಗೆ ಬಂತು? ಇಳಿಸಿಬಿಟ್ರಾ?" ಎಂದು ಕೆಣಕಿದರು. ಸೌಟು ಗಾಳಿಯಲ್ಲೇ ನಿಂತಿತು.

"ಇಂಪೀಚ್ ಅಂದ್ರೆ ಇಳಿಸುದಲ್ಲ ಮಾರಾಯ್ರೆ! ಹತ್ತು ಜನರ ಎದುರು ನಿಲ್ಲಿಸಿ, ನೀನು ಇಂಥದ್ದು ಮಾಡಿದ್ದಿ ಅಂತ ಮುಖ ನೋಡಿ ಹೇಳುದು. ನಮ್ಮ ಭಾಷೆಯಲ್ಲಿ ಹೇಳುದಾದ್ರೆ, ಸಭೆಯಲ್ಲಿ ಬೈಯುದು. ಅದು ಅವರ ಕೆಳಗಿನ ಮನೆಯ, ಅಂದ್ರೆ ನಮ್ಮ ಲೋಕಸಭೆಯಂಥದ್ದರ ಕೆಲಸ. ಇಳಿಸ್ಬೇಕಾ ಬೇಡವಾ ಅಂತ ಆಮೇಲೆ ಸೆನೆಟ್ ನೋಡ್ತದೆ, ಅದಕ್ಕೆ ಮೂರರಲ್ಲಿ ಎರಡು ಪಾಲು ವೋಟು ಬೇಕು. ನಂಗೆ ಇಳಿಸುದು ಬೇಡ. ಬೈದ್ರೆ ಸಾಕು."

"ಬೈಯೋಕೆ ಅವರೇನು ಕೊಲೆ ಗಿಲೆ ಮಾಡಿದ್ದಾರಾ?"

"ಪೀನಲ್ ಕೋಡಿನಲ್ಲಿರುವ ಅಪರಾಧವೇ ಆಗ್ಬೇಕು ಅಂತ ಇಲ್ಲ. ದೇವಸ್ಥಾನದ ಮೊಕ್ತೇಸರನನ್ನು ಪ್ರಶ್ನೆ ಮಾಡ್ಲಿಕ್ಕೆ ಅವ ಹುಂಡಿಯೇ ಒಡೀಬೇಕಾ? ಜನ ನಂಬಿ ಕೊಟ್ಟ ಅಧಿಕಾರವನ್ನು ತನ್ನಿಷ್ಟಕ್ಕೆ ಉಪಯೋಗಿಸಿದ್ರೆ ಸಾಕು. ಅದೇ ಗ್ರೌಂಡು!"

ಭಾವನ ಪಟ್ಟಿಯಲ್ಲಿ ಆಗ ಎರಡು ಆರೋಪಗಳಿದ್ದವು. ಇಲ್ಲದ ಆಯುಧ ಇದೆ ಎಂದು ನಂಬಿಸಿ ದೇಶವನ್ನು ಯುದ್ಧಕ್ಕೆ ಇಳಿಸಿದ್ದು ಒಂದು. ಸೆರೆಸಿಕ್ಕವರನ್ನು ಹೇಗೆ ನಡೆಸಿಕೊಳ್ಳಬೇಕೆಂದು ಜಗತ್ತೆಲ್ಲ ಸೇರಿ ಮಾಡಿಕೊಂಡ ಒಪ್ಪಂದವನ್ನು ಮೀರಲು ಬಿಟ್ಟದ್ದು ಇನ್ನೊಂದು. ಕೋರ್ಟಿನ ಅಪ್ಪಣೆ ಇಲ್ಲದೆ ಜನರ ಫೋನು ಕದ್ದು ಕೇಳಿದ್ದು ಎಂಬ ಮೂರನೆಯದು ಮುಂದೆ ಸೇರಿತು. ಅದು ಸೇರಿದ ಮೇಲೆ ಭಾವ ಫೋನು ಎತ್ತಿದ ಕೂಡಲೇ "ಕೇಳುವವರಿಗೂ ನಮಸ್ಕಾರ" ಎನ್ನತೊಡಗಿದರು.

ನನ್ನ ಗಂಡ ಮೈಸೂರಿನವರು, ಸಾಫ್ಟ್‌ವೇರಿನವರು, ತಪ್ಪು ಹುಡುಕುವುದೇ ಅವರ ಕಸುಬು. "ಅಲ್ಲ ಭಾವ, ಅವರ ಕಾಂಗ್ರೆಸ್ಸೇ ವೋಟ್ ಹಾಕಿ ಪರ್ಮಿಷನ್ ಕೊಟ್ಟಿತ್ತಲ್ವಾ? ಮತ್ತೆ ಕೇಸೆಲ್ಲಿ ನಿಲ್ಲತ್ತೆ?" ಎಂದರು.

ಪ್ರಶ್ನೆ ಒಳ್ಳೆಯದೇ. ಆದರೆ ಭಾವ ಸೌಟನ್ನು ಅವರತ್ತ ಚಾಚಿದರು. "ಮದುವೆಗೆ ಮುಂಚೆ ನೀವು ಅಡಿಗೆ ಬರ್ತದೆ ಅಂತ ಹೇಳಿದ್ದಕ್ಕೆ ಅಲ್ವಾ ಇವಳು ಒಪ್ಪಿದ್ದು? ಆಮೇಲೆ ನೋಡಿದ್ರೆ ನಿಮ್ಗೆ ಬಿಸಿನೀರು ಕಾಯಿಸ್ಲಿಕ್ಕೂ ಬರುದಿಲ್ಲ. ಆ ಒಪ್ಪಿಗೆ ಒಪ್ಪಿಗೆಯಾ? ಬೇಕಂತ ಹೇಳಿದ್ದಾ, ಗೊತ್ತಿಲ್ಲದೆ ಹೇಳಿದ್ದಾ, ಅದನ್ನು ವಿಚಾರಣೆಯಲ್ಲಿ ನೋಡುವ. ವಿಚಾರಣೆಯೇ ಬೇಡ ಅಂದ್ರೆ ಹೇಗೆ?"

ಇರಾಕಿನ ಪ್ರಶ್ನೆ ನಮ್ಮ ಒಲೆಯ ಬುಡಕ್ಕೆ ಬಂದದ್ದರಿಂದ ನನ್ನ ಗಂಡ ಸುಮ್ಮನೆ ಅನ್ನಕ್ಕೆ ಮೊಸರು ಹಾಕಿಕೊಂಡರು. ಸಾಲಿನಲ್ಲಿ ಹಿಂದೆ ನಿಂತಿದ್ದವರಿಗೆ ಸಾರು ಸಿಕ್ಕುವಾಗ ತಣ್ಣಗಾಗಿತ್ತು. ಅವರಲ್ಲೇ ಒಬ್ಬರು, ಹಸಿವಿನ ಸಿಟ್ಟಿಗೋ ಏನೋ, "ಕುವೈತಿಗೆ ನುಗ್ಗಿದನಲ್ಲ ಆ ಇರಾಕಿನ ಅಧ್ಯಕ್ಷ, ಅವನ ಮೇಲೆ ಯಾಕೆ ಕೇಸು ಹಾಕಲಿಲ್ಲ ನೀವು?" ಎಂದು ಕೇಳಿದರು.

"ಅವನ ದೇಶದಲ್ಲಿ ಅಧ್ಯಕ್ಷನಿಗೆ ಬೈಯುವ ಕಾನೂನೇ ಇರ್ಲಿಲ್ಲ. ಅಮೆರಿಕದಲ್ಲಿ ಉಂಟು. ಇದ್ದ ಕಾನೂನನ್ನು ಕಪಾಟಿನಲ್ಲಿಟ್ರೆ ಗೆದ್ದಲು ಹಿಡೀತದೆ," ಎಂದರು ಭಾವ. ಹಾಗೆನ್ನುವಾಗ ದನಿ ಸ್ವಲ್ಪ ತಗ್ಗಿತ್ತು. ನಾವದನ್ನು ಗಮನಿಸಲಿಲ್ಲ, ಹೋಳಿಗೆ ಬಂದಿತ್ತು.

ಇಷ್ಟರಲ್ಲೇ ನಿಂತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ನಮ್ಮ ಕನ್ನಡದವರು ಒಂದು ತಪ್ಪು ಮಾಡಿದರು. ರಾಜ್ಯೋತ್ಸವದ ದಿನ ವಂದನಾರ್ಪಣೆಗೆಂದು ಭಾವನ ಕೈಗೆ ಮೈಕು ಕೊಟ್ಟರು! ವಂದನಾರ್ಪಣೆಯನ್ನು ಯಾರೂ ಕೇಳುವುದಿಲ್ಲ, ಹೀಗಾಗಿ ಯಾರಿಗೆ ಕೊಟ್ಟರೂ ನಡೆಯುತ್ತದೆ ಎಂಬ ಧೈರ್ಯ. ಭಾವ ಅಡುಗೆಯವರಿಗೆ, ಕುರ್ಚಿ ಜೋಡಿಸಿದವರಿಗೆ, ನಾಡಗೀತೆ ಹಾಡಿದ ಮಕ್ಕಳಿಗೆ ಕ್ರಮವಾಗಿ ವಂದಿಸಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಆ ಅಧ್ಯಕ್ಷರ ಮೇಲೆ ದೋಷಾರೋಪ ಆಗುವ ವರೆಗೆ ನಾನು ಅಮೆರಿಕದ ನೆಲದ ಮೇಲೆ ಕಾಲಿಡುವುದಿಲ್ಲ ಎಂದು ಈ ಸಭೆಯ ಮುಂದೆ ಪ್ರತಿಜ್ಞೆ ಮಾಡುತ್ತೇನೆ" ಎಂದುಬಿಟ್ಟರು. ಸಭೆ ಚಪ್ಪಲಿ ಹುಡುಕುತ್ತಿತ್ತು. ಎಲ್ಲೋ ಹಿಂದಿನ ಸಾಲಿನಲ್ಲಿ ಒಬ್ಬರು ಚಪ್ಪಾಳೆ ತಟ್ಟಿದರು. ಅಲ್ಲಿಗೆ ಪ್ರತಿಜ್ಞೆ ಗಟ್ಟಿಯಾಯಿತು. ಆ ಚಪ್ಪಾಳೆ ಯಾರದೆಂದು ಅಕ್ಕ ಇವತ್ತಿಗೂ ಹುಡುಕುತ್ತಿದ್ದಾಳೆ.

ನಮ್ಮೂರಿನಿಂದ ಅಮೆರಿಕಕ್ಕೆ ಎರಡು ಗಂಟೆಯ ದಾರಿ. ನಡುವೆ ನದಿ, ನದಿಗೆ ಸೇತುವೆ, ಸೇತುವೆಯ ಹೆಸರು ಪೀಸ್ ಬ್ರಿಜ್. ಶಾಂತಿಗಾಗಿ ಶಾಂತಿಯ ಸೇತುವೆ ದಾಟುವುದಿಲ್ಲ ಎಂದು ಕೂತವರು ಜಗತ್ತಿನಲ್ಲಿ ಇವರೊಬ್ಬರೇ ಇರಬೇಕು. ಊರಿನಿಂದ ಬಂದ ನೆಂಟರನ್ನು ನಯಾಗರಕ್ಕೆ ಕರೆದೊಯ್ಯುವುದು ಇಲ್ಲಿಯವರ ಕರ್ಮ, ಭಾವನೂ ಒಯ್ಯುತ್ತಿದ್ದರು. ಆದರೆ ಕೆನಡಾದ ಜಲಪಾತದ ಎದುರು ನಿಲ್ಲಿಸಿ, ಅಮೆರಿಕದ ಜಲಪಾತ ಬೀಳದ ಹಾಗೆ ಫೋಟೋ ತೆಗೆಯುತ್ತಿದ್ದರು.

ನನ್ನ ಅಮ್ಮ ಬಂದಾಗ, "ಆಚೆಯೂ ಒಂದು ಬೀಳ್ತಾ ಉಂಟಲ್ಲ?" ಎಂದು ತಿರುಗಿದರು.

"ಅದು ಅವರದ್ದು ಅತ್ತೆ. ನಮ್ಮದೇ ದೊಡ್ಡದು, ಇದನ್ನೇ ನೋಡಿ."

ಅಮ್ಮನಿಗೆ ದೋಣಿಯಲ್ಲಿ ಜಲಪಾತದ ಬುಡಕ್ಕೆ ಹೋಗುವ ಆಸೆ. ಭಾವ ಬರಲೊಪ್ಪಲಿಲ್ಲ. ಗಡಿರೇಖೆ ನದಿಯ ನಟ್ಟ ನಡುವೆ ಹೋಗುತ್ತದಂತೆ, ದೋಣಿ ಅದನ್ನು ದಾಟುತ್ತದಂತೆ! "ಕಾಲಿಡುದಿಲ್ಲ ಅಂತ ಅಲ್ವಾ ಹೇಳಿದ್ದು? ದೋಣಿಯಲ್ಲಿ ಕಾಲು ಎತ್ತಿ ಕೂತ್ಕೊಳ್ಳಿ," ಎಂದರು ಅಮ್ಮ. ಭಾವ ಈ ವಾದವನ್ನು ತಳ್ಳಿಹಾಕಲಿಲ್ಲ. ದಡದ ಬೆಂಚಿನ ಮೇಲೆ ಕೂತು ಯೋಚಿಸಿದರು. ಅವರ ಯೋಚನೆ ಮುಗಿಯುವಾಗ ನಾವು ದೋಣಿಯಲ್ಲಿ ಹೋಗಿ, ನೆನೆದು, ಮರಳಿ ಬಂದಿದ್ದೆವು.

ಒಮ್ಮೆ ನಾನೂ ಸುಮ್ಮನಿರಲಾರದೆ ಕೇಳಿದೆ: "ಭಾವ, ನಿಮ್ಮ ಫ್ಯಾಕ್ಟರಿಯ ಸೋಫಾ ದಿನಾ ಲಾರಿಯಲ್ಲಿ ಅಮೆರಿಕಕ್ಕೆ ಹೋಗುದಲ್ವಾ? ಕಳಿಸುದು ನೀವೇ ಅಲ್ವಾ?"

"ಸೋಫಾ ಪ್ರತಿಜ್ಞೆ ಮಾಡ್ಲಿಲ್ಲ ಮಾರಾಯ್ತಿ," ಎಂದರು.

ಇದೆಲ್ಲ ನಗುವಿನ ಕಾಲ. ಅವರಿಗಿದ್ದದ್ದು ಒಬ್ಬಳೇ ಮಗಳು. ಅವಳು ಮೆಚ್ಚಿದ ಹುಡುಗ ಬಫೆಲೋದವನು. ಅಂದರೆ ಪೀಸ್ ಬ್ರಿಜ್ಜಿನ ಆ ತುದಿ! ಭಾವ ಜಾತಕಕ್ಕಿಂತ ಮೊದಲು ಮ್ಯಾಪು ನೋಡಿದರು. ಹುಡುಗ ಒಳ್ಳೆಯವನು, ಮ್ಯಾಪು ಮಾತ್ರ ಸರಿಯಿಲ್ಲ ಎಂದರು. ಮದುವೆ ಈಚೆಯೇ, ಮಿಸ್ಸಿಸಾಗಾದಲ್ಲಿ ಆಯಿತು. "ಅವರೇ ಬರ್ತಾರಲ್ಲ, ಎರಡು ಗಂಟೆಯ ದಾರಿ," ಎಂದು ಭಾವ ಸಮಾಧಾನ ಹೇಳಿಕೊಂಡರು. ಮಗಳು ಅಳಿಯ ವಾರಕ್ಕೋ ಎರಡು ವಾರಕ್ಕೋ ಬರುತ್ತಲೂ ಇದ್ದರು. ಮಗಳ ಮನೆಯ ಗೋಡೆ ಯಾವ ಬಣ್ಣದ್ದೆಂದು ಭಾವನಿಗೆ ಗೊತ್ತಿರಲಿಲ್ಲ, ಅಷ್ಟೆ.

ಎರಡು ಸಾವಿರದ ಆರರ ಕೊನೆಗೆ ಎರಡು ಸುದ್ದಿ ಒಟ್ಟಿಗೆ ಬಂದವು. ಮಗಳು ಬಸುರಿ ಎನ್ನುವುದು ಒಂದು. ಚುನಾವಣೆಯಲ್ಲಿ ಅಮೆರಿಕದ ಕೆಳಗಿನ ಮನೆ ಅಧ್ಯಕ್ಷರ ಎದುರು ಪಕ್ಷದ ಕೈಗೆ ಬಂತು ಎನ್ನುವುದು ಇನ್ನೊಂದು. ಭಾವನ ಸಂಭ್ರಮ ನೋಡಬೇಕಿತ್ತು! ಇನ್ನೇನು, ಹೊಸ ಸಭೆ ಕೂರುತ್ತದೆ, ದೋಷಾರೋಪ ಆಗುತ್ತದೆ, ತಾನು ಮಗಳ ಬಯಕೆ ಊಟಕ್ಕೆ ತಲೆಯೆತ್ತಿ ಸೇತುವೆ ದಾಟುತ್ತೇನೆ ಎಂದು ಲೆಕ್ಕ. ಅಕ್ಕನಿಂದ ಕಡ್ಲೆಬೇಳೆ ಪಾಯಸ ಮಾಡಿಸಿದರು. ಪಾಯಸ ಬಟ್ಟಲಿಗೆ ಬೀಳುವ ಹೊತ್ತಿಗೆ ಟಿ.ವಿ.ಯಲ್ಲಿ ಗೆದ್ದ ಪಕ್ಷದವರೇ ಬಂದು, ಇಂಪೀಚ್‌ಮೆಂಟಿನ ಯೋಚನೆಯೇ ನಮಗಿಲ್ಲ ಎಂದು ಹೇಳಿ ಹೋದರು. ಭಾವ ಬಟ್ಟಲು ಕೆಳಗಿಟ್ಟರು. ಆ ಪಾಯಸ ನಾನು ಮನೆಗೆ ತಂದು ಎರಡು ದಿನ ತಿಂದೆ.

ಚಳಿ ಜೋರಾದಾಗ ಬಫೆಲೋದ ಡಾಕ್ಟರು ಮಗಳಿಗೆ ಹಾಸಿಗೆ ಬಿಟ್ಟು ಏಳಬಾರದು ಎಂದರು. ಇನ್ನು ಅವಳು ಇತ್ತ ಬರುವ ಹಾಗಿಲ್ಲ. ಬಯಕೆ ಊಟ ಅಲ್ಲೇ, ಅವಳ ಮನೆಯಲ್ಲೇ ಆಗಬೇಕು. ಭಾನುವಾರ ಎಂದು ನಿಶ್ಚಯವಾಯಿತು. "ನೀವು ಹೋಗಿ ಬನ್ನಿ," ಎಂದರು ಭಾವ. ಮೊದಲ ಬಾರಿಗೆ ಅಕ್ಕ ನಗಲಿಲ್ಲ. ಅವಳು ಜಗಳವನ್ನೂ ಮಾಡಲಿಲ್ಲ. ಶನಿವಾರ ಮಧ್ಯಾಹ್ನ ನಮ್ಮನ್ನೆಲ್ಲ ಕರೆದು, ಬೇಸ್‌ಮೆಂಟಿನಲ್ಲಿ ಕೂರಿಸಿ, "ಇವರನ್ನು ಇಂಪೀಚ್ ಮಾಡ್ಬೇಕು," ಎಂದಳು.

ಬೇರೆ ಗಂಡಸರಾಗಿದ್ದರೆ ಎದ್ದು ಹೋಗುತ್ತಿದ್ದರು. ಭಾವ ಮಾತ್ರ ಕುರ್ಚಿ ಸರಿಪಡಿಸಿಕೊಂಡು, "ಆಗ್ಬಹುದು. ಆದ್ರೆ ಕ್ರಮಪ್ರಕಾರ ಆಗ್ಬೇಕು," ಎಂದರು! ಅಧ್ಯಕ್ಷರ ವಿಚಾರಣೆಗೆ ಚೀಫ್ ಜಸ್ಟೀಸೇ ಕೂರಬೇಕು ಎಂದು ಹೇಳಿ, ಊರಿನಿಂದ ಮತ್ತೆ ಬಂದು, ಅಲಸಂಡೆ ಮುರಿಯುತ್ತಾ ಕೂತಿದ್ದ ನನ್ನ ಅಮ್ಮನನ್ನು ಆ ಸ್ಥಾನಕ್ಕೆ ಏರಿಸಿದರು. ಅಮ್ಮ ಅಲಸಂಡೆಯ ಸಮೇತ ಏರಿದರು. ಆರೋಪ ಹೊರಿಸುವ ಅಕ್ಕನಿಗೆ ವೋಟಿಲ್ಲ ಎಂದರು ಭಾವ. ಉಳಿದದ್ದು ನಾನು, ನನ್ನ ಗಂಡ, ಮತ್ತು ಫೋನಿನ ಸ್ಪೀಕರಿನಲ್ಲಿ ಬಫೆಲೋದ ಮಗಳು. ಮೂರರಲ್ಲಿ ಎರಡು ವೋಟು ಬಿದ್ದರೆ ಭಾವ ಅಪರಾಧಿ, ನಾಳೆ ಕಾರು ಹತ್ತಬೇಕು.

ಅಕ್ಕ ಎದ್ದು ನಿಂತಳು. "ಯುದ್ಧ ಎಲ್ಲಿಯೋ ಆಗ್ತಾ ಉಂಟು. ಇವರು ಆ ಯುದ್ಧದ ಹೆಸರು ಹೇಳಿ ಈ ಮನೆಯಲ್ಲಿ ತಾನೇ ಕಾನೂನು ಮಾಡಿದ್ರು. ಪ್ರತಿಜ್ಞೆ ಮಾಡುವಾಗ ನನ್ನನ್ನು ಕೇಳ್ಲಿಲ್ಲ, ಮಗಳನ್ನು ಕೇಳ್ಲಿಲ್ಲ. ಅವಳು ಮಲಗಿದಲ್ಲೇ ಇದ್ದಾಳೆ, ಇವರು ನೋಡ್ಲಿಕ್ಕೆ ಹೋಗುದಿಲ್ಲ. ನಾವು ನಂಬಿ ಕೊಟ್ಟ ಅಧಿಕಾರವನ್ನು ತನ್ನಿಷ್ಟಕ್ಕೆ ಉಪಯೋಗಿಸಿದ್ದಾರೆ. ಅದೇ ಗ್ರೌಂಡು."

"ಚಾರ್ಜ್ ಒಳ್ಳೆದುಂಟು," ಎಂದರು ಭಾವ, ನಿಜವಾದ ಮೆಚ್ಚುಗೆಯಿಂದ.

"ನಿಮ್ಮದೆಂತ ಉಂಟು ಹೇಳ್ಲಿಕ್ಕೆ?" ಎಂದರು ಅಮ್ಮ.

ಸುಮಾರು ನಾಲ್ಕು ವರ್ಷ ಮಾತಾಡಿದ ಮನುಷ್ಯ, ಈಗ ಗಂಟೆಗಟ್ಟಲೆ ವಾದ ಮಾಡುತ್ತಾರೆಂದು ನಾವು ಗೋಡೆಗೆ ಒರಗಿ ಕೂತೆವು. ಭಾವ, "ಮಾತು ಕೊಟ್ಟಾಗಿದೆ. ಅಷ್ಟೆ," ಎಂದರು.

"ಯಾರಿಗೆ ಕೊಟ್ಟದ್ದು? ಆ ಚಪ್ಪಾಳೆ ಹೊಡೆದವನಿಗಾ?" ಎಂದಳು ಅಕ್ಕ.

ಅಮ್ಮ ವೋಟಿಗೆ ಹಾಕಿದರು. ನಾನು ಅಪರಾಧಿ ಎಂದೆ. ನನ್ನ ಗಂಡ, ಬಿಸಿನೀರಿನ ಅವಮಾನವನ್ನೂ ಮರೆತು, ನಿರಪರಾಧಿ ಎಂದರು. ಷಡ್ಡಕರ ಒಗ್ಗಟ್ಟು ಎಂದರೆ ಏನೆಂದು ನನಗೆ ಆವತ್ತು ತಿಳಿಯಿತು! ಎಲ್ಲರೂ ಫೋನಿನತ್ತ ನೋಡಿದೆವು. ಅವಳ ವೋಟು ಎತ್ತಲೆಂಬ ಬಗ್ಗೆ ನಮಗೆ ಸಂಶಯವೇ ಇರಲಿಲ್ಲ. ಅಕ್ಕ ಆಗಲೇ ಭಾವನ ಕೋಟು ಯಾವ ಕಪಾಟಿನಲ್ಲಿದೆ ಎಂದು ಯೋಚಿಸುತ್ತಿದ್ದಳಂತೆ.

"ನಾಟ್ ಗಿಲ್ಟಿ," ಎಂದಳು ಮಗಳು.

"ಎಂತದ್ದು?" ಎಂದಳು ಅಕ್ಕ.

"ಅಮ್ಮ, ಮಾತು ಕೊಟ್ಟದ್ದು ನಂಗೆ. ಕುವೈತಿಂದ ಬರುವಾಗ, ಆ ಡೆಸರ್ಟಲ್ಲಿ, ಟೆಂಟಲ್ಲಿ. ಐ ವಾಸ್ ಎಯ್ಟ್. ನಾನು, ಅಪ್ಪ ಇಬ್ರೇ ನೀರಿಗೆ ಕ್ಯೂ ನಿಂತಲ್ಲಿ ನಮ್ಮ ಮುಂದೆ ಒಬ್ರು ಅಜ್ಜ ಬಿದ್ರು. ಮತ್ತೆ ಏಳ್ಲಿಲ್ಲ. ನೆನಪುಂಟಾ ಅಪ್ಪ? ನಾನು ಕೇಳಿದೆ, ಯುದ್ಧ ಮಾಡಿದ ಪ್ರೆಸಿಡೆಂಟಿಗೆ ಯಾರೂ ಬೈಯುದಿಲ್ವಾ ಅಂತ. ಅಪ್ಪ ಹೇಳಿದ್ರು, ಬೈತಾರೆ ಮಗಾ, ಯಾರಾದ್ರೂ ಬೈಯುವ ವರೆಗೆ ನಾನು ಬಿಡುದಿಲ್ಲ ಅಂತ. ಆ ಪ್ರೆಸಿಡೆಂಟಿಗೆ ಯಾರೂ ಬೈಲಿಲ್ಲ, ಈ ಪ್ರೆಸಿಡೆಂಟಿಗಾದ್ರೂ ಬೈಲಿ ಅಂತ ಹಿ ಈಸ್ ಸ್ಟಿಲ್ ಟ್ರೈಯಿಂಗ್. ಸೋ, ನಾಟ್ ಗಿಲ್ಟಿ. ಅಪ್ಪ, ನೀವು ಬರ್ಬೇಡಿ. ಇಟ್ಸ್ ಓಕೆ. ಪಾಪು ಆದ ಮೇಲೆ ನಾನೇ ಕರ್ಕೊಂಡು ಬರ್ತೇನೆ."

ಅವರು ಕುವೈತಿನಿಂದ ಬಂದದ್ದು ನಮಗೆ ಗೊತ್ತಿತ್ತು. ಸುದ್ದಿಯಿಲ್ಲದ ಆ ದಿನಗಳಲ್ಲಿ ಉಡುಪಿಯ ಮನೆಯಲ್ಲಿ ಅಮ್ಮ ಊಟ ಬಿಟ್ಟು ಕೂತದ್ದೂ ನನಗೆ ನೆನಪಿದೆ. ಆದರೆ ಆ ಅಜ್ಜನ ಕತೆಯನ್ನು, ಎಂಟು ವರ್ಷದ ಹುಡುಗಿಯ ಪ್ರಶ್ನೆಯನ್ನು ಭಾವ ಯಾರಿಗೂ ಹೇಳಿರಲಿಲ್ಲ. ಅಕ್ಕನಿಗೂ ಹೇಳಿರಲಿಲ್ಲ. ನಾನು ಅವರನ್ನು ನೋಡಿ ಎಷ್ಟು ನಕ್ಕಿದ್ದೆ ಎಂದು ನೆನೆದು ನನಗೆ ಸಂಕಟವಾಯಿತು.

ಭಾವ ಏನೋ ಹೇಳಲು ಬಾಯಿ ತೆರೆದರು. "ಮಗಾ, ನಾನು..." ಎನ್ನುವಷ್ಟರಲ್ಲಿ ವಿಮಾನ ಬಂತು. ಅವರು ಎಂದಿನಂತೆ ಬೆರಳೆತ್ತಿದರು. ವಿಮಾನ ಹೋಯಿತು. ಬೆರಳು ಹಾಗೇ ಇತ್ತು, ಮಾತು ಮುಂದುವರಿಯಲಿಲ್ಲ.

"ಖುಲಾಸೆ," ಎಂದರು ಅಮ್ಮ, ಕೊನೆಯ ಅಲಸಂಡೆ ಮುರಿಯುತ್ತಾ. "ಇನ್ನು ಎಲ್ರೂ ಕಾಫಿಗೆ ಏಳಿ."

ಮರುದಿನ ಬೆಳಿಗ್ಗೆ ಅಕ್ಕನನ್ನು ಬಫೆಲೋಗೆ ಕರೆದೊಯ್ಯಲು ನಾನು ಮಾಲ್ಟನ್ನಿಗೆ ಬಂದೆ. ಅಮ್ಮನಿಗೆ ಅಮೆರಿಕದ ವೀಸಾ ಇರಲಿಲ್ಲ, ನನ್ನ ಗಂಡ ಅವರ ಜೊತೆಗೆ ಉಳಿಯುವವರಿದ್ದರು. ನೋಡಿದರೆ, ಭಾವ ಕೋಟು ಹಾಕಿಕೊಂಡು ತಮ್ಮ ಕಾರಿನ ಗಾಜಿನ ಮಂಜುಗಡ್ಡೆ ಕೆರೆಯುತ್ತಿದ್ದಾರೆ! ಹಿಂದಿನ ಸೀಟಿನಲ್ಲಿ ಹಸಿರು ಬಳೆ, ಮಲ್ಲಿಗೆ, ಚಕ್ಕುಲಿಯ ಡಬ್ಬ ಎಲ್ಲ ಆಗಲೇ ಕೂತಿವೆ.

ಅಕ್ಕ ಬಾಗಿಲಲ್ಲಿ ನಿಂತು, "ಎಂತದು ಇದು? ನಿಮ್ಗೆ ಖುಲಾಸೆ ಆಯ್ತಲ್ಲ?" ಎಂದಳು.

"ಖುಲಾಸೆ ಆದವ ಎಲ್ಲಿಗೆ ಬೇಕಾದ್ರೂ ಹೋಗ್ಬಹುದು," ಎಂದರು ಭಾವ, ಗಾಜು ಕೆರೆಯುವುದನ್ನು ನಿಲ್ಲಿಸದೆ.

ಪೀಸ್ ಬ್ರಿಜ್ ಬಂದಾಗ ಹಿಂದಿನ ಸೀಟಿನಲ್ಲಿದ್ದ ನಾನು ಮುಂದಕ್ಕೆ ಬಾಗಿ ಕೂತೆ. ಗಡಿಯ ಅಧಿಕಾರಿ ಒಂದು ಪ್ರಶ್ನೆ ಕೇಳಿದರೆ ಸಾಕು, ಮೂರೂ ಆರೋಪಗಳನ್ನು ಇವರು ಅವನ ಮುಂದೆ ಓದಿಬಿಟ್ಟರೆ? ಅವನು ಪಾಸ್‌ಪೋರ್ಟು ನೋಡಿ, ಏನು ಕೆಲಸ ಎಂದು ಕೇಳಿದ. ಅಕ್ಕ ಭಾವನ ತೋಳು ಹಿಡಿದಳು. "ಮೈ ಡಾಟರ್," ಎಂದರು ಭಾವ. ಅವನು ಇನ್ನೇನಾದರೂ ಹೇಳುತ್ತಾರೇನೋ ಎಂದು ಕಾದ. ಇಲ್ಲ. ಹೋಗಿ ಎಂದು ಕೈ ಬೀಸಿದ.

ಮಗಳ ಮನೆಯ ಗೋಡೆ ತಿಳಿ ಹಳದಿ. ಅವಳು ದಿಂಬಿಗೊರಗಿ ಮಲಗಿದ್ದಳು. ನಮ್ಮ ಹಿಂದೆ ಅಪ್ಪನನ್ನು ಕಂಡು ಬಾಯಿ ಬಿಟ್ಟಳು. ಭಾವ ಒಳಗೆ ಬರಲಿಲ್ಲ. ಬೂಟು ಕಳಚಿ, ಹೊಸ್ತಿಲಲ್ಲಿ ಕಾಲುಚೀಲದಲ್ಲಿ, ಕೈಕಟ್ಟಿ ನಿಂತರು.

"ಮಾತು ತಪ್ಪಿದೆ ಮಗಾ," ಎಂದರು. "ಇನ್ನು ನೀನು ಬೈಬೇಕು."

ಅವಳು ಕೈ ಚಾಚಿದಳು. ಅಳುತ್ತಿದ್ದಳೋ, ನಗುತ್ತಿದ್ದಳೋ, ಹೇಳಲಾರೆ.

"ಇಷ್ಟು ಲೇಟಾ ಅಪ್ಪ ಬರುದು?" ಎಂದು ಬೈದಳು.

ಭಾವ ತಲೆ ತಗ್ಗಿಸಿ ಪೂರ್ತಿ ಬೈಸಿಕೊಂಡು, ಆಮೇಲೆ ಒಳಗೆ ಕಾಲಿಟ್ಟರು.